ಮಗಳಿಗೊಂದು ಪತ್ರ: ನೀರಿಗೆ ಇಳಿದ ಮೇಲೆ ಅವಸರ ಬೇಡ

ಪ್ರೀತಿಯ ಮಗಳೇ,

ಗೆಳತಿಯರ ಜೊತೆ ಒಂದು ಇಡೀ ದಿನ ಹಾಯಿದೋಣಿಯಲ್ಲಿ ದ್ವೀಪಗಳನ್ನು ಸುತ್ತಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು ತೇಲುತ್ತ ನೀರಿನೊಳಗೆ ನೋಡುವ ಸ್ನಾರ್ಕೆಲಿಂಗ್ ಕೂಡ ಮಾಡುತ್ತೇವೆ ಅಂತ ಬರೆದಿದ್ದೀಯ. ಓದಿ ತುಂಬ ಖುಷಿಯಾಯಿತು. ಕೊನೆಯಲ್ಲಿ ಇನ್ನೊಂದು ಸಾಲೂ ಇತ್ತು. ಈಜು ಬರುತ್ತದೆ, ಆದರೂ ಕಾಲಿಗೆ ನೆಲ ಸಿಗದ ನೀರು ಅಂದರೆ ಭಯ, ಇದನ್ನು ಅವರಿಗೆ ಹೇಳಿಲ್ಲ ಅಂತ. ಮೊದಲು ಅವರಿಗೆ ಹೇಳು. ದೋಣಿಯ ಕ್ಯಾಪ್ಟನ್‌ಗೂ ಹೇಳು. ಹೇಳಿದರೆ ಯಾರಾದರೂ ಒಬ್ಬರು ನಿನ್ನ ಪಕ್ಕದಲ್ಲೇ ಇರುತ್ತಾರೆ. ಹೇಳದಿದ್ದರೆ ಎಲ್ಲರೂ ಮುಂದೆ ಹೋಗಿಬಿಡುತ್ತಾರೆ.

ಬೆಳಗ್ಗೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೊರಡಬೇಡ, ಹಾಗಂತ ಬಿರಿಯುವಷ್ಟೂ ತಿನ್ನಬೇಡ. ವಾಂತಿ ಮಾತ್ರೆ ತೆಗೆದುಕೊಳ್ಳುವುದಾದರೆ ದೋಣಿ ಹತ್ತುವ ಮೊದಲೇ ನುಂಗು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಕಣ್ಣಿಗೆ ಕಾಣುವುದು ಒಂದು, ಒಳಗಿವಿಗೆ ತಿಳಿಯುವ ಅಲುಗಾಟ ಇನ್ನೊಂದು. ಇವೆರಡೂ ಹೊಂದದೇ ಇದ್ದಾಗ ತಲೆಸುತ್ತು ಬರುತ್ತದೆ. ಹಾಗಾಗಿ ದೋಣಿಯ ನಡುಭಾಗದಲ್ಲಿ ಕೂತು, ದೂರದಲ್ಲಿ ಸಮುದ್ರ ಆಕಾಶ ಸೇರುವ ಗೆರೆಯನ್ನು ನೋಡುತ್ತಿರು. ಫೋನ್ ಒಳಗಿರಲಿ.

ಎಂಜಿನ್ ನಿಲ್ಲಿಸಿ ಹಾಯಿ ಏರಿಸಿದಾಗ ಏನಾಗುತ್ತದೆ ಅಂತ ಗಮನ ಕೊಟ್ಟು ನೋಡು. ಗುರುಗುರು ಸದ್ದು ನಿಂತು, ನೀರು ಸೀಳುವ ಸದ್ದು ಮಾತ್ರ ಉಳಿಯುತ್ತದೆ. ನನಗೆ ಇಡೀ ಪ್ರಯಾಣದಲ್ಲಿ ತುಂಬ ಇಷ್ಟವಾಗುವ ಗಳಿಗೆ ಅದೇ. ಗಾಳಿ ಬರುವ ದಿಕ್ಕಿಗೆ ಯಾವ ಹಾಯಿದೋಣಿಯೂ ನೇರವಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಂದಷ್ಟು ದೂರ ಈ ಕಡೆ, ತಿರುಗಿ ಒಂದಷ್ಟು ದೂರ ಆ ಕಡೆ, ಹೀಗೆ ಅಂಕುಡೊಂಕಾಗಿ ಮುಂದೆ ಸಾಗಬೇಕು. ಎದುರಿಗೇ ಕಾಣುವ ದ್ವೀಪಕ್ಕೆ ಹೋಗಲು ಇಷ್ಟು ಹೊತ್ತು ಯಾಕೆ ಅಂತ ನಿನ್ನ ಗೆಳತಿಯರು ಕೇಳಿದರೆ ಇದನ್ನು ಹೇಳು. ದೋಣಿ ಹಾಗೆ ದಿಕ್ಕು ಬದಲಿಸುವಾಗ ಹಾಯಿಯ ಕೆಳಗೆ ಅಡ್ಡಲಾಗಿರುವ ಉದ್ದನೆಯ ಬೂಮ್ ಈ ಬದಿಯಿಂದ ಆ ಬದಿಗೆ ಬೀಸಿಕೊಂಡು ಬರುತ್ತದೆ. ತಲೆಗೆ ಬಡಿದರೆ ದೊಡ್ಡ ಏಟು. ಕ್ಯಾಪ್ಟನ್ ಕೂಗಿದ ತಕ್ಷಣ ತಲೆ ಬಗ್ಗಿಸು, ಯಾಕೆ ಅಂತ ಆಮೇಲೆ ಕೇಳಬಹುದು. ಸುತ್ತಿಟ್ಟ ಹಗ್ಗದ ಒಳಗೆ ಕಾಲಿಡಬೇಡ. ಓಡಾಡುವಾಗ ಒಂದು ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡೇ ಇರು.

ಇನ್ನು ನೀರಿನ ವಿಷಯ. ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ನಿನ್ನ ಭಯ ಆಳದ್ದು ಅಂತ ನೀನು ಅಂದುಕೊಂಡಿದ್ದೀಯ. ನನಗೆ ಅನ್ನಿಸುವುದು ಬೇರೆ. ಅದು ಉಸಿರಿನಲ್ಲಿ ಶುರುವಾಗುತ್ತದೆ. ಮುಖ ನೀರಿನಲ್ಲಿರುವಾಗ ಉಸಿರು ಎಳೆಯಬಾರದು ಅಂತ ದೇಹ ಹುಟ್ಟಿದಾಗಿನಿಂದ ಕಲಿತಿದೆ. ಈಗ ನೀನು ಬಾಯಲ್ಲಿ ಒಂದು ಕೊಳವೆ ಕಚ್ಚಿಕೊಂಡು, ಮುಖ ಮುಳುಗಿಸಿ, ಉಸಿರಾಡು ಅಂತ ಅದಕ್ಕೆ ಹೇಳುತ್ತಿದ್ದೀಯ. ಅದು ಒಪ್ಪಲು ಸ್ವಲ್ಪ ಹೊತ್ತು ಬೇಕು, ಅಲ್ವಾ? ಮೊದಲ ಕೆಲವು ನಿಮಿಷ ಉಸಿರು ಚಿಕ್ಕ ಚಿಕ್ಕದಾಗಿ, ಬೇಗ ಬೇಗ ಬರುತ್ತದೆ. ಹಾಗೆ ಮೇಲುಮೇಲೆ ಉಸಿರಾಡಿದರೆ ಕೊಳವೆಯಲ್ಲಿ ಉಳಿದ ಹಳೆಯ ಗಾಳಿಯೇ ಮತ್ತೆ ಮತ್ತೆ ಒಳಗೆ ಹೋಗುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ, ಗಾಬರಿ ಜಾಸ್ತಿಯಾಗುತ್ತದೆ. ಮದ್ದು ಸುಲಭ. ನಿಧಾನವಾಗಿ ಎಳೆದುಕೋ, ಅದಕ್ಕಿಂತ ನಿಧಾನವಾಗಿ ಪೂರ್ತಿ ಹೊರಗೆ ಬಿಡು. ಕೈಕಾಲು ಬಡಿಯಬೇಡ. ಲೈಫ್ ಜಾಕೆಟ್ ಹಾಕಿಕೊಂಡು, ದೋಣಿಯ ಏಣಿ ಹಿಡಿದು, ಮುಖ ಮಾತ್ರ ನೀರಿನಲ್ಲಿಟ್ಟು ಸುಮ್ನೆ ತೇಲುತ್ತಿರು. ಉಪ್ಪುನೀರು ಈಜುಕೊಳದ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಉಸಿರು ಸಮವಾಗುವವರೆಗೆ ಏಣಿ ಬಿಡಬೇಡ. ಬೇರೆಯವರು ಎಲ್ಲಿಗೆ ಹೋದರೂ ಹೋಗಲಿ.

ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ದೋಣಿಯವರು ಕೊಟ್ಟಿದ್ದನ್ನು ಹಾಗೇ ಹಾಕಿಕೊಳ್ಳಬೇಡ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡು. ಬೀಳದೆ ನಿಂತರೆ ಅದು ನಿನ್ನ ಮುಖದ್ದು. ಬಿದ್ದರೆ ಬೇರೆ ಕೇಳು, ಸಂಕೋಚ ಬೇಡ. ಒಂದೇ ಒಂದು ಕೂದಲೆಳೆ ಅಂಚಿಗೆ ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ಗಾಜು ಮಂಜಾಗದಿರಲು ಒಳಗಡೆ ಎಂಜಲು ಸವರಿ, ಒಮ್ಮೆ ಜಾಲಿಸಿ ಹಾಕಿಕೋ. ಕೊಳವೆಗೆ ಅಲೆ ನುಗ್ಗಿ ಬಾಯಿಗೆ ಉಪ್ಪುನೀರು ಬಂದರೆ ಗಾಬರಿಯಾಗಬೇಡ, ಜೋರಾಗಿ ಒಮ್ಮೆ ಊದಿದರೆ ಎಲ್ಲ ಹೊರಗೆ ಚಿಮ್ಮುತ್ತದೆ. ಅದಕ್ಕೇ ಎದೆಯಲ್ಲಿ ಯಾವಾಗಲೂ ಸ್ವಲ್ಪ ಉಸಿರು ಉಳಿಸಿಕೊಂಡಿರಬೇಕು. ಬೇರೆಯವರು ಮುಳುಗಿ ತಳ ಮುಟ್ಟಿ ಬರುವುದನ್ನು ನೋಡಿ ನೀನೂ ಹಾಗೆ ಮಾಡಬೇಕಿಲ್ಲ. ಮುಳುಗುವ ಮೊದಲು ಜೋರುಜೋರಾಗಿ ಹತ್ತಾರು ಸಲ ಉಸಿರೆಳೆದುಕೊಳ್ಳುವವರನ್ನು ಕಂಡರೆ ತಡೆ. ಹಾಗೆ ಮಾಡಿದಾಗ ಉಸಿರು ಬೇಕು ಅನ್ನುವ ಎಚ್ಚರಿಕೆ ಬರುವ ಮೊದಲೇ ನೀರಿನೊಳಗೆ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೇ ಹೀಗೆ ಸತ್ತಿದ್ದಾರೆ.

ಉಸಿರು ಹದಕ್ಕೆ ಬಂದ ಮೇಲೆ ಕೆಳಗೆ ನೋಡು.

ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಬಂದ ಮೀನು ಅಷ್ಟು ದೊಡ್ಡದಿರುವುದಿಲ್ಲ. ಹವಳವನ್ನು ಬಂಡೆ ಅಂದುಕೊಳ್ಳಬೇಡ, ಅದು ಜೀವಿ. ಪುಟ್ಟ ಪುಟ್ಟ ಸಾವಿರಾರು ಜೀವಿಗಳು ಒಟ್ಟಿಗೆ ಕಟ್ಟಿಕೊಂಡ ಸುಣ್ಣದ ಮನೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ, ಬಣ್ಣದಲ್ಲೂ ಅದರ ಪಾಲು ದೊಡ್ಡದು. ಸಮುದ್ರತಳದಲ್ಲಿ ನೂರಕ್ಕೆ 1 ಪಾಲೂ ಇಲ್ಲದ ಈ ಹವಳದ ದಿಬ್ಬಗಳನ್ನು ನಂಬಿ ಕಡಲಿನ ಸುಮಾರು ಕಾಲುಭಾಗ ಜೀವಜಾತಿಗಳು ಬದುಕುತ್ತವೆ. ನೀವು ಲಂಗರು ಹಾಕುವ ಜಾಗ ಶಾಂತವಾಗಿರುವುದೂ ಹವಳದಿಂದಲೇ. ಹೊರಗಿನ ದೊಡ್ಡ ಅಲೆಗಳನ್ನು ದಿಬ್ಬವೇ ತಡೆದು ಒಡೆಯುತ್ತದೆ. ಉಂಗುರದಂಥ ಹವಳದ್ವೀಪಗಳು ಹೇಗೆ ಆದವು ಅಂತ ಡಾರ್ವಿನ್ 1842ರಲ್ಲೇ ವಿವರಿಸಿದ್ದ. ಜ್ವಾಲಾಮುಖಿ ದ್ವೀಪ ನಿಧಾನವಾಗಿ ಕುಸಿಯುತ್ತದೆ, ಸುತ್ತಲಿನ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತಾ ಹೋಗುತ್ತದೆ, ಕೊನೆಗೆ ನಡುವೆ ನೀರು, ಸುತ್ತ ಹವಳ ಮಾತ್ರ ಉಳಿಯುತ್ತದೆ. 1952ರಲ್ಲಿ ಪೆಸಿಫಿಕ್ ಸಾಗರದ ಎನೆವೆಟಕ್ ಅನ್ನುವ ಹವಳದ್ವೀಪದಲ್ಲಿ ಕೊರೆದು ನೋಡಿದಾಗ 1 ಕಿಲೋಮೀಟರ್‌ಗಿಂತ ಜಾಸ್ತಿ ದಪ್ಪದ ಹವಳದ ಸುಣ್ಣದ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು. ಅವನ ಮಾತು ನಿಜವಾಯಿತು.

ಕಿವಿಗೂ ಕೆಲಸ ಕೊಡು. ಕರಕರ ಅಂತ ಏನೋ ಕಡಿಯುವ ಸದ್ದು ಕೇಳಿದರೆ ಗಿಳಿಮೀನನ್ನು ಹುಡುಕು. ಕೊಕ್ಕಿನಂಥ ಹಲ್ಲಿನಿಂದ ಅದು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಜೊತೆಗೆ ಸುಣ್ಣವನ್ನೂ ನುಂಗುತ್ತದೆ. ಆ ಸುಣ್ಣ ನುಣ್ಣಗೆ ಪುಡಿಯಾಗಿ ಹಿಂದಿನಿಂದ ಹೊರಬೀಳುತ್ತದೆ. ನೀವು ಮಧ್ಯಾಹ್ನ ಇಳಿದು ನಡೆಯುವ ಬಿಳಿ ಮರಳಿನಲ್ಲಿ ಅದರ ಪಾಲು ಸಾಕಷ್ಟಿರುತ್ತದೆ. ಆ ಸದ್ದು ಎತ್ತಲಿಂದ ಬಂತು ಅಂತ ಮಾತ್ರ ಹೇಳುವುದು ಕಷ್ಟ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಓಡುವುದರಿಂದ ಎರಡೂ ಕಿವಿಗೆ ಒಟ್ಟಿಗೇ ತಲುಪಿದ ಹಾಗಾಗುತ್ತದೆ. ಎಂಜಿನ್ ಸದ್ದು ಕೇಳಿದಾಗ ತಲೆಯೆತ್ತಿ ಸುತ್ತ ನೋಡಬೇಕಾದದ್ದೂ ಇದೇ ಕಾರಣಕ್ಕೆ.

ಒಂದು ಜಾಗದಲ್ಲಿ ಅಲುಗಾಡದೆ ತೇಲಿದರೆ ಮೀನುಗಳು ನಿನ್ನನ್ನು ಮರೆತು ತಮ್ಮ ಕೆಲಸಕ್ಕೆ ಮರಳುತ್ತವೆ. ಆಗಲೇ ನಿಜವಾದ ನೋಟ ಸಿಗುವುದು. ದೊಡ್ಡ ಮೀನು ಬಾಯಿ ತೆರೆದು ನಿಂತಿರುತ್ತದೆ, ಬೆರಳುದ್ದದ ಮೀನೊಂದು ಅದರ ಹಲ್ಲು, ಕಿವಿರು ಎಲ್ಲ ಶುಚಿ ಮಾಡುತ್ತಿರುತ್ತದೆ. ದಿಬ್ಬದ ತುಂಬ ಸುತ್ತಾಡಿ ಬಂದವರಿಗಿಂತ ಒಂದೇ ಹವಳದ ಮೇಲೆ ಅರ್ಧ ಗಂಟೆ ನಿಂತವಳು ಜಾಸ್ತಿ ನೋಡಿರುತ್ತಾಳೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನಿನ್ನ ಭಯಕ್ಕೂ ನಿನ್ನ ಕಣ್ಣಿಗೂ ಬೇಕಾದದ್ದು ಒಂದೇ, ನಿಧಾನ.

ಏನನ್ನೂ ಮುಟ್ಟಬೇಡ, ಯಾವುದರ ಮೇಲೂ ನಿಲ್ಲಬೇಡ. ಗುಂಡನೆಯ ದೊಡ್ಡ ಹವಳ ವರ್ಷಕ್ಕೆ 2 ಸೆಂಟಿಮೀಟರ್ ಬೆಳೆದರೂ ಹೆಚ್ಚು. ಕಾಲಿಗೆ ಹಾಕಿಕೊಳ್ಳುವ ಈಜುರೆಕ್ಕೆ (ಫಿನ್) ತಗುಲಿ ಮುರಿದದ್ದು ನಿನ್ನ ಜೀವಮಾನದಲ್ಲಿ ಕೂಡಿಕೊಳ್ಳದೇ ಹೋಗಬಹುದು. ಅವು ಈಗಾಗಲೇ ಸೋತಿವೆ. ನೀರಿನ ಬಿಸಿ ಬೇಸಿಗೆಯ ಮಾಮೂಲಿ ಮಟ್ಟಕ್ಕಿಂತ 1 ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ ಪ್ರಪಂಚದಾದ್ಯಂತ ಹಾಗಾಯಿತು. ನಾಲ್ಕನೇ ಸಲ ಆಗುತ್ತಿದೆ ಅಂತ 2024ರಲ್ಲಿ ಘೋಷಿಸಿದರು. ಸುಣ್ಣದ ಹಾಗೆ ಬೆಳ್ಳಗಿರುವ ಹವಳ ಕಂಡರೆ ಅದು ಚೆಂದದ ಬಣ್ಣವಲ್ಲ, ಹಸಿವು. ಬೆಳ್ಳಗಾದ ಮಾತ್ರಕ್ಕೆ ಸತ್ತಿದೆ ಅಂತಲೂ ಅಲ್ಲ, ನೀರು ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ. ಕಡಲಾಮೆ ಕಂಡರೆ ಅದರ ದಾರಿಗೆ ಅಡ್ಡ ಹೋಗಬೇಡ, ಮೇಲಿನಿಂದ ಮುತ್ತಿಕೊಳ್ಳಬೇಡ. ಉಸಿರಾಡಲು ಅದಕ್ಕೂ ಮೇಲೆ ಬರಲೇಬೇಕು.

ಬೆನ್ನು ಮತ್ತು ಮೀನಖಂಡ ನಿನಗೆ ತಿಳಿಯದ ಹಾಗೆ ಸುಡುತ್ತವೆ. ಸನ್‌ಸ್ಕ್ರೀನ್‌ಗಿಂತ ತುಂಬುತೋಳಿನ ಈಜು ಅಂಗಿ ವಾಸಿ. ಹಚ್ಚುವುದೇ ಆದರೆ ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇಲ್ಲದ್ದು ನೋಡಿ ತೆಗೆದುಕೋ. ಹವಳಕ್ಕೆ ಕೇಡು ಅಂತ ಪೆಸಿಫಿಕ್‌ನ ದ್ವೀಪದೇಶ ಪಲಾವು 2020ರಲ್ಲಿ, ಹವಾಯಿ 2021ರಲ್ಲಿ ಅದಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನೇ ನಿಲ್ಲಿಸಿದವು. ನೀರು ಬೆಚ್ಚಗಿದ್ದರೂ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಹೀರುತ್ತದೆ. ನಡುಕ ಬಂದರೆ ಮೇಲೆ ಬಾ.

ಸೆಳೆತದ ಎದುರಿಗೆ ಮೊದಲು ಹೋಗು, ಸುಸ್ತಾದ ಮೇಲೆ ಅದೇ ನಿನ್ನನ್ನು ದೋಣಿಯ ಕಡೆ ತರುತ್ತದೆ. ಆಗಾಗ ತಲೆಯೆತ್ತಿ ದೋಣಿ ಎಲ್ಲಿದೆ ಅಂತ ನೋಡು. ಎಂಜಿನ್ ಓಡುತ್ತಿದ್ದರೆ ಏಣಿಯ ಹತ್ತಿರ ಹೋಗಬೇಡ. ಹೊರಡುವ ಮುಂಚೆ ತಲೆ ಎಣಿಸುವಾಗ ನೀನೇ ಎದುರಿಗೆ ನಿಂತು "ಇದ್ದೇನೆ" ಅನ್ನು. ಗೆಳತಿ ನಿನ್ನ ಪರವಾಗಿ ಹೇಳುವುದು, ನೀನು ಅವಳ ಪರವಾಗಿ ಹೇಳುವುದು ಬೇಡವೇ ಬೇಡ. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವಿಂಗ್‌ಗೆ ಇಳಿದಿದ್ದ ದಂಪತಿಯನ್ನು ಬಿಟ್ಟು ದೋಣಿ ಹೊರಟುಹೋಯಿತು. ಅದು ಗೊತ್ತಾಗಿದ್ದು ಎರಡು ದಿನದ ಮೇಲೆ. ಅವರು ಸಿಗಲೇ ಇಲ್ಲ. ಎಣಿಕೆಯ ನಿಯಮ ಅಲ್ಲಿ ಬಿಗಿಯಾಗಿದ್ದು ಅದರ ನಂತರ. ಎಣಿಸದೇ ಹೊರಡುವ ದೋಣಿಯಾದರೆ ನೀವೇ ಎಣಿಸಿಕೊಳ್ಳಿ, ಕ್ಯಾಪ್ಟನ್‌ಗೆ ಕೇಳುವ ಹಾಗೆ ಜೋರಾಗಿ.

ಮಾರನೇ ದಿನ ವಿಮಾನ ಹತ್ತಬಹುದಾ ಅಂತ ಕೇಳಿದ್ದೆಯಲ್ಲ, ಧಾರಾಳವಾಗಿ ಹತ್ತಬಹುದು. ಕಾಯಬೇಕು ಅನ್ನುವ ನಿಯಮ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಹೋಗುವವರಿಗೆ. ಸ್ನಾರ್ಕೆಲ್‌ನಲ್ಲಿ ನೀನು ಉಸಿರಾಡುವುದು ನೀರಿನ ಮೇಲಿನ ಗಾಳಿಯನ್ನೇ. ಬರುವಾಗ ನೀರು ಚೆನ್ನಾಗಿ ಕುಡಿ, ಇಲ್ಲದಿದ್ದರೆ ರಾತ್ರಿ ತಲೆ ಸಿಡಿಯುತ್ತದೆ.

ಏಣಿ ಬಿಡಲು ಮನಸ್ಸು ಬರದೇ ಹೋದರೆ ಬಿಡಬೇಡ, ಅಲ್ಲಿಂದಲೇ ನೋಡು. ಅಲ್ಲೂ ಮೀನು ಬರುತ್ತವೆ. ದಡಕ್ಕೆ ಬಂದ ಕೂಡಲೇ ಒಂದು ಮೆಸೇಜ್ ಹಾಕು, ರಾತ್ರಿ ಫೋನ್ ಮಾಡಿ ಏನೇನು ಕಂಡಿತು ಅಂತ ಎಲ್ಲ ಹೇಳು.

ಪ್ರೀತಿಯಿಂದ,
ಅಮ್ಮ