ನಿರಾಶ್ರಿತರ ಕಚೇರಿ ಎಲ್ಲಿರಬೇಕೆಂದು ಕಾನೂನೇ ಹೇಳಲಿ

ಮಾನ್ಯ ಸಂಪಾದಕರೇ,

ನಿರಾಶ್ರಿತರಿಗೆಂದೇ ನಮ್ಮಲ್ಲೂ ಒಂದು ಕಾನೂನು ಬೇಕು ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಬೇಕೇ ಬೇಕು. ಆದರೆ ಅರ್ಜಿ ತೆಗೆದುಕೊಳ್ಳುವ ಕೌಂಟರ್ ಯಾವ ಊರಿನಲ್ಲಿರುತ್ತದೆ, ಅದು ಮುಚ್ಚಿದರೆ ಜನ ಎಲ್ಲಿಗೆ ಹೋಗಬೇಕು ಎಂದು ಕೇಳುವವರು ಕಡಿಮೆ. ಯಜಮಾನರ ಕೆಲಸದ ನಿಮಿತ್ತ ಎಂಟು ವರ್ಷ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಇದ್ದು ಬಂದವಳು ನಾನು. ಅಲ್ಲಿ ಕಂಡದ್ದು ಇಲ್ಲಿಯವರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಆ ದೇಶದ 1998ರ ನಿರಾಶ್ರಿತರ ಕಾಯ್ದೆ ತುಂಬ ಉದಾರವಾದದ್ದು. ಆಶ್ರಯ ಕೇಳಿ ಬಂದವರನ್ನು ಶಿಬಿರದಲ್ಲಿ ಕೂಡಿಹಾಕುವುದಿಲ್ಲ. ಊರಿನಲ್ಲಿ ಎಲ್ಲರಂತೆ ಬಾಡಿಗೆ ಮನೆ ಹಿಡಿದು ಇರಬಹುದು. ದುಡಿಯಲು, ಓದಲು ಅವರಿಗಿರುವ ಹಕ್ಕಿನ ಪರವಾಗಿ ಅಲ್ಲಿನ ಸುಪ್ರೀಂ ಮೇಲ್ಮನವಿ ನ್ಯಾಯಾಲಯ 2003ರಲ್ಲೇ ತೀರ್ಪು ಕೊಟ್ಟಿದೆ. ಶಿಬಿರವೇ ಇಲ್ಲದ ಮೇಲೆ ಇವರ ಪಾಲಿಗೆ ಸರ್ಕಾರ ಎಂದರೆ ನಿರಾಶ್ರಿತರ ಸ್ವಾಗತ ಕಚೇರಿಯೊಂದೇ. ಅರ್ಜಿಯನ್ನು ಖುದ್ದಾಗಿ ಅಲ್ಲೇ ಕೊಡಬೇಕು. ಅರ್ಜಿ ತೀರ್ಮಾನವಾಗುವವರೆಗೆ ದೇಶದಲ್ಲಿರಲು ಕೈಗೆ ಸಿಗುವ ತಾತ್ಕಾಲಿಕ ಪರವಾನಗಿಯನ್ನು ಮೂರೋ ಆರೋ ತಿಂಗಳಿಗೊಮ್ಮೆ, ಮೊದಲು ಅರ್ಜಿ ಹಾಕಿದ ಕಚೇರಿಗೇ ಹೋಗಿ ನವೀಕರಿಸಿಕೊಳ್ಳಬೇಕಿತ್ತು.

ನಾವಿದ್ದ ಕಟ್ಟಡಕ್ಕೆ ರಾತ್ರಿ ಕಾವಲಿಗೆ ಕಾಂಗೋ ದೇಶದವರೊಬ್ಬರಿದ್ದರು. ಒಂದು ದಿನ ಜೆರಾಕ್ಸ್ ಮಾಡಿಸಿಕೊಡಿ ಎಂದು ತಮ್ಮ ಪರವಾನಗಿಯನ್ನು ನನ್ನ ಕೈಗಿತ್ತರು. ಮಾಮೂಲಿ ಬಿಳಿ ಹಾಳೆ, ಒಂದು ಫೋಟೊ, ಮೊಹರು. ಮಡಚಿ ಮಡಚಿ ನಾಲ್ಕು ತುಂಡಾಗುವಂತಿದ್ದ ಹಾಳೆಗೆ ಹಿಂದಿನಿಂದ ಸೆಲೋಟೇಪ್ ಅಂಟಿಸಿದ್ದರು. ಅವರು ಅರ್ಜಿ ಹಾಕಿದ್ದ ಕಚೇರಿ ದೇಶದ ಇನ್ನೊಂದು ತುದಿಯಲ್ಲಿತ್ತು. ಹೋಗುವುದಕ್ಕೇ ಒಂದೂವರೆ ದಿನದ ಬಸ್ಸು. ಅಲ್ಲಿ ನಸುಕಿನಿಂದ ಸಾಲಿನಲ್ಲಿ ನಿಂತರೆ ‘ಇವತ್ತಿನದು ಮುಗಿಯಿತು, ನಾಳೆ ಬನ್ನಿ’ ಎಂಬ ಮಾತು. ಒಮ್ಮೆ ಹಾಗೆ ನಾಳೆ ನಾಳೆ ಎನ್ನುತ್ತ ತಾರೀಖು ಮೀರಿತು. ಬ್ಯಾಂಕಿನವರು ಖಾತೆ ತಡೆಹಿಡಿದರು. ಸಂಬಳ ಖಾತೆಯಲ್ಲಿದ್ದೂ ಮಗಳ ಶಾಲೆಯ ಫೀಸಿಗೆ ಆ ಮನುಷ್ಯ ಸಾಲ ಕೇಳಬೇಕಾಯಿತು. ಇದರಲ್ಲಿ ಅವರ ತಪ್ಪೇನಿತ್ತು ಎಂದು ಇವತ್ತಿಗೂ ನನಗೆ ಹೊಳೆದಿಲ್ಲ.

ಇಷ್ಟಕ್ಕೂ ಕೇಪ್‌ಟೌನಿನಲ್ಲಿ ಕಚೇರಿ ಇರಲಿಲ್ಲವೆಂದಲ್ಲ. ‘ಅಗತ್ಯವೆನಿಸಿದಷ್ಟು’ ಕಚೇರಿಗಳನ್ನು ತೆರೆಯುವ ಅಧಿಕಾರವನ್ನು ಕಾಯ್ದೆಯು ಗೃಹ ಇಲಾಖೆಯ ಮಹಾನಿರ್ದೇಶಕರ ಕೈಗೆ ಬಿಟ್ಟಿತ್ತು. ಆ ಒಂದು ಪದದ ಬಲದ ಮೇಲೆ 2011ರಲ್ಲಿ ಜೊಹಾನ್ಸ್‌ಬರ್ಗ್ ಮತ್ತು ಪೋರ್ಟ್ ಎಲಿಜಬೆತ್, 2012ರಲ್ಲಿ ಕೇಪ್‌ಟೌನ್ ಕಚೇರಿಗಳು ಹೊಸ ಅರ್ಜಿದಾರರಿಗೆ ಬಾಗಿಲು ಹಾಕಿದವು. ಕೇಪ್‌ಟೌನ್ ಕಚೇರಿಯನ್ನು 2018ರ ಮಾರ್ಚ್ 31ರೊಳಗೆ ಮತ್ತೆ ತೆರೆಯಬೇಕು ಎಂದು ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಆದೇಶಿಸಿತು. ಆ ಗಡುವೂ ಹಾಗೇ ದಾಟಿಹೋಯಿತು. ಅದರ ಮೇಲೆ, 2020ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿ ಮುಗಿದು ಒಂದು ತಿಂಗಳೊಳಗೆ ನವೀಕರಿಸದಿದ್ದರೆ ಅರ್ಜಿಯನ್ನೇ ಕೈಬಿಟ್ಟಂತೆ ಎಂಬ ನಿಯಮ ಸೇರಿತು. ಕಚೇರಿಯನ್ನು ಮುಚ್ಚಿದವರೂ ಅವರೇ, ಬರಲಿಲ್ಲವೆಂದು ಹೆಸರು ಹೊಡೆಯುವವರೂ ಅವರೇ! 2023ರ ಡಿಸೆಂಬರಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು.

ಕೋವಿಡ್ ಬಂದು ಕಚೇರಿಗಳೆಲ್ಲ ಮುಚ್ಚಿದಾಗ, 2021ರ ಏಪ್ರಿಲಿನಲ್ಲಿ ಆನ್‌ಲೈನ್ ನವೀಕರಣ ಶುರುವಾಯಿತು. ಈ ಕೆಲಸವನ್ನು ಮೊದಲೇ ಮಾಡಿದ್ದರೆ ಎಷ್ಟು ಜನರ ಬಸ್ ಚಾರ್ಜು, ಎಷ್ಟು ದಿನಗಳ ಕೂಲಿ ಉಳಿಯುತ್ತಿತ್ತು!

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1960ರ ಹೊತ್ತಿಗೇ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ನೆಲ ಕೊಟ್ಟಿತು. ಆ ನೆಲ ಕೊಟ್ಟ ರಾಜ್ಯದ ಸಂಸದರಲ್ಲಿ ನನ್ನದೊಂದು ಕೋರಿಕೆ. ಮುಂದೆ ಎಂದಾದರೂ ಇಂಥ ಮಸೂದೆ ಸದನಕ್ಕೆ ಬಂದರೆ, ಕಚೇರಿಗಳ ಕನಿಷ್ಠ ಸಂಖ್ಯೆಯನ್ನು ಕಾನೂನಿನಲ್ಲೇ ಬರೆಸಿ. ಯಾವ ಕಚೇರಿಯಲ್ಲಿ ಬೇಕಾದರೂ ನವೀಕರಿಸುವಂತಿರಲಿ. ಒಂದು ಕಚೇರಿ ಮುಚ್ಚುವ ಮೊದಲು ಅದೇ ಊರಿನಲ್ಲಿ ಇನ್ನೊಂದು ತೆರೆದಿರಬೇಕು. ಅಧಿಕಾರಿಯ ತಡದಿಂದ ತಾರೀಖು ಮೀರಿದರೆ ಹಳೆಯ ಪರವಾನಗಿಯೇ ಊರ್ಜಿತ ಎಂಬ ಸಾಲನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು, ಕುವೆಂಪುನಗರ, ಮೈಸೂರು