ಸೂಜಿಗೆ ಹೆದರಿದ ರಂಗರೂಟನಿಗೆ

ಪಾಂಡವಪುರ
ಭಾನುವಾರ

ಚಿ. ಮನುಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಾಲೆಗೆ ನೀರು ಬಿಟ್ಟಿದ್ದಾರೆ. ನಿಮ್ಮಪ್ಪ ನಾಟಿ ಮುಗಿಸಿ ಬುಧವಾರ ಮೈಸೂರಿಗೆ ಬರ್ತಾನೆ, ಈ ಕಾಗದ ಅವನ ಕೈಲೇ ಕಳಿಸ್ತಿದ್ದೇನೆ. ಫೋನಲ್ಲಿ ಹೇಳಬಹುದಿತ್ತು. ಆದರೆ ಫೋನಲ್ಲಿ ಹೇಳಿದ್ದಕ್ಕೆ ನೀನು ಬರೀ ಹೂಂ ಅಂತೀಯ. ಕಾಗದವಾದರೆ ಇನ್ನೊಂದು ಸಲ ಓದ್ತೀಯ ಅನ್ನೋ ಆಸೆ.

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ರಂಗರೂಟ್ ಆಗಿ, ಅಂದರೆ ಹೊಸ ಸಿಪಾಯಿಯಾಗಿ ಸೇನೆಗೆ ಸೇರಿದರೆ ತರಬೇತಿ ಸೆಂಟರ್‌ನಲ್ಲಿ ಸಾಲಾಗಿ ನಿಲ್ಲಿಸಿ ಎರಡು ಕೈಗೂ ಲಸಿಕೆ ಚುಚ್ತಾರಂತೆ, ಹಾರ್ಟಿಗೆ ತೊಂದರೆ ಆಗುತ್ತಂತೆ, ಪರಿಚಯದ ಡಾಕ್ಟರ್ ಹತ್ರ ಅಲರ್ಜಿ ಇದೆ ಅಂತ ಒಂದು ಸರ್ಟಿಫಿಕೇಟ್ ಮಾಡಿಸಿಕೊಡಿ ಅಂತ ಕೇಳಿದ್ದೀಯ.

ಮಾಡಿಸಿಕೊಡಲ್ಲ, ಮಗನೇ. ಕೋಪದಿಂದ ಹೇಳ್ತಿಲ್ಲ. ನೀನು ಹೆದರಿದ್ದು ತಪ್ಪಲ್ಲ, ಹತ್ತೊಂಬತ್ತು ವರ್ಷಕ್ಕೆ ನಾನೂ ಹೆದರಿದ್ದೆ. ಆದರೆ ಸುಳ್ಳು ಸರ್ಟಿಫಿಕೇಟ್ ನಿನ್ನ ಮೆಡಿಕಲ್ ಕಾಗದಗಳ ಜೊತೆ ಸೇರಿಕೊಂಡರೆ ಮತ್ತೆ ಬಿಡಲ್ಲ. ನಾಳೆ ಎಲ್ಲೋ ಬೆಟ್ಟದ ಮೇಲೆ ನಿನಗೆ ಜೋರು ಕಾಯಿಲೆ ಆದಾಗ, ಬೇಕಾದ ಔಷಧಿ ಕೈಯಲ್ಲಿದ್ದರೂ ಡಾಕ್ಟರ್ ಆ ಕಾಗದ ನೋಡಿ ಹಿಂಜರಿಯುತ್ತಾರೆ. ಸೇನೆಯ ಮೆಡಿಕಲ್ ಕೋರ್‌ನಲ್ಲಿ 22 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು ಹೇಳ್ತಿದ್ದೇನೆ.

ನೀನು ನೋಡದ ಒಬ್ಬ ತಾತ ನಿನಗಿದ್ದ. ನನ್ನ ಚಿಕ್ಕಪ್ಪ. ಆಲೆಮನೆಯಲ್ಲಿ ಕೆಲಸ ಮಾಡ್ತಿದ್ದಾಗ ಎತ್ತಿನ ಲಾಳದ ಮೊಳೆ ಅಂಗಾಲಿಗೆ ಚುಚ್ಚಿತು. ಕಿತ್ತು ಹಾಕಿ, ಸುಣ್ಣ ಅರಿಶಿನ ಮೆತ್ತಿಕೊಂಡು ಮತ್ತೆ ಕೆಲಸಕ್ಕೆ ಹೋದ. ಎಂಟನೇ ದಿನ ಊಟಕ್ಕೆ ಕೂತವನು, ಮುದ್ದೆ ಮುರಿದು ಬಾಯಿಗೆ ತಂದರೆ ಬಾಯಿ ತೆರೀತಿಲ್ಲ ಅಂದ. ಅವ್ವ ನಗಾಡಿದಳು. ಮಾರನೇ ದಿನ ಯಾರೂ ನಗಲಿಲ್ಲ. ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಹೊರಗೆ ಒಂದು ಲೋಟ ಬಿದ್ದರೂ ಸಾಕು, ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ತಲೆ, ಹಿಮ್ಮಡಿ ಮಾತ್ರ ಚಾಪೆಗೆ ತಾಗಿರುತ್ತಿತ್ತು. ಧನುರ್ವಾಯು ಅನ್ನೋ ಹೆಸರು ಯಾಕೆ ಬಂತು ಅಂತ ಅವತ್ತು ನನ್ನ ಕಣ್ಣಿಗೇ ಕಂಡಿತು. ನನಗಾಗ ಒಂಬತ್ತು ವರ್ಷ. ಕದದ ಸಂದಿಯಿಂದ ನೋಡ್ತಿದ್ದೆ. ನಾಲ್ಕು ದಿನ ಇದ್ದ.

ಮೆಡಿಕಲ್ ಕೋರ್‌ನ ತರಬೇತಿಯಲ್ಲಿ ಇದೇ ಕಾಯಿಲೆಯ ಒಂದು ಲೆಕ್ಕ ಹೇಳಿಕೊಟ್ಟರು, ಇವತ್ತಿಗೂ ಮರೆತಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆಲ್ಲ ಧನುರ್ವಾಯುವಿನ ಲಸಿಕೆಯನ್ನು ಕಡ್ಡಾಯ ಮಾಡಿತ್ತು. ಗಾಯ, ಪೆಟ್ಟು ಅಂತ ಆಸ್ಪತ್ರೆಗೆ ಸೇರಿದವರು 27 ಲಕ್ಷದಷ್ಟು. ಅವರಲ್ಲಿ ಧನುರ್ವಾಯು ಆದವರು 12 ಜನ. 12 ಸಾವಿರ ಅಲ್ಲ, ಹನ್ನೆರಡೇ ಜನ. ಅವತ್ತು ಕ್ಲಾಸಿನಲ್ಲಿ ಕೂತು ನನಗೆ ಚಿಕ್ಕಪ್ಪನ ಬಾಯಿ ನೆನಪಾಯಿತು. ಒಂದು ಸೂಜಿಯ ಕೆಲಸವಾಗಿತ್ತಲ್ಲ ಅನಿಸಿತು.

ಈಗ ಬ್ಯಾರಕ್ ವಿಷಯ. ನೀನು ಇಷ್ಟು ದಿನ ಮನೆಯಲ್ಲಿ ಮಲಗಿದವನು. ಅಲ್ಲಿ ನಿನ್ನ ಮಂಚದಿಂದ ಪಕ್ಕದ ಮಂಚಕ್ಕೆ ಕೈ ಚಾಚಿದರೆ ಸಿಗುತ್ತೆ. ಕೇರಳದ ಹುಡುಗ, ಬಿಹಾರದ ಹುಡುಗ, ನಮ್ಮ ಮಳವಳ್ಳಿ ಹುಡುಗ, ಎಲ್ಲರೂ ಒಂದೇ ಸೂರಿನ ಕೆಳಗೆ. ಒಂದೇ ಸಾಲಲ್ಲಿ ಮುಖ ತೊಳೀತಾರೆ, ಒಂದೇ ಲಂಗರಿನ, ಅಂದರೆ ಒಂದೇ ಅಡುಗೆಮನೆಯ ಊಟ. ಒಬ್ಬನ ಕೆಮ್ಮು ಎಲ್ಲರ ಕೆಮ್ಮು. ನಾನಿದ್ದ ಒಂದು ಕಡೆ ಒಬ್ಬ ರಂಗರೂಟ್ ರಜೆಯಿಂದ ಬರುವಾಗ ಸೀತಾಳೆ ಸಿಡುಬು ಹತ್ತಿಸಿಕೊಂಡು ಬಂದ. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಇಡೀ ಬ್ಯಾರಕ್ಕನ್ನು ಬೇರೆ ಇಟ್ಟೆವು. ಯಾರೂ ಸಾಯಲಿಲ್ಲ. ಆದರೆ ಫೈರಿಂಗ್ ತಪ್ಪಿತು, ಓಟದ ಪರೀಕ್ಷೆ ತಪ್ಪಿತು, ಎಷ್ಟೋ ಹುಡುಗರು ಹಿಂದೆ ಬರುವ ಬ್ಯಾಚ್‌ಗೆ ಬಿದ್ದರು. ತರಬೇತಿ ಮುಗಿದು ಪ್ರಮಾಣ ಮಾಡುವ ಕಸಂ ಪರೇಡಿಗೆ ಅಪ್ಪ ಅಮ್ಮನನ್ನು ಕರೆದು, ಟಿಕೆಟ್ ಮಾಡಿಸಿದ್ದ ಹುಡುಗರು ಅತ್ತಿದ್ದು ನೋಡಿದ್ದೇನೆ. ಸೇನೆ ಯುದ್ಧಕ್ಕೆ ತಯಾರಿದೆಯೋ ಇಲ್ಲವೋ ಅನ್ನೋದು ಫಿರಂಗಿ ಎಣಿಸಿದರೆ ಗೊತ್ತಾಗಲ್ಲ. ಬೆಳಗ್ಗೆ ಫಾಲ್-ಇನ್ ಆದಾಗ ಎಷ್ಟು ಜನ ನಿಂತಿದ್ದಾರೆ ಅಂತ ಎಣಿಸಬೇಕು.

ಅಮೆರಿಕದ್ದೇ ಇನ್ನೊಂದು ಕಥೆ ಇದೆ. ಕಡ್ಡಾಯ ಯಾಕೆ ಅಂತ ಕೇಳೋರಿಗೆ ನಾನು ಯಾವಾಗಲೂ ಇದನ್ನೇ ಹೇಳೋದು. ಅಲ್ಲಿನ ತರಬೇತಿ ಕೇಂದ್ರಗಳಲ್ಲಿ ಅಡಿನೋವೈರಸ್ ಅನ್ನೋ ವೈರಸ್ಸಿಂದ ಜ್ವರ, ಗಂಟಲುನೋವು, ಕೆಲವರಿಗೆ ನ್ಯುಮೋನಿಯಾ ಬರುತ್ತಿತ್ತು. 1971ರಿಂದ ಹೊಸಬರಿಗೆಲ್ಲ ಲಸಿಕೆ ಕೊಡಲು ಶುರು ಮಾಡಿದರು. ಸೂಜಿಯೂ ಅಲ್ಲ, ನುಂಗುವ ಮಾತ್ರೆ. ಕಾಯಿಲೆ ತಗ್ಗಿತು. 1996ರಲ್ಲಿ ಅದನ್ನು ತಯಾರಿಸುತ್ತಿದ್ದ ಕಂಪನಿ ನಿಲ್ಲಿಸಿಬಿಟ್ಟಿತು. ಇದ್ದ ದಾಸ್ತಾನು 1999ರ ಹೊತ್ತಿಗೆ ಖಾಲಿ. ಆಮೇಲೆ ಅದೇ ಬ್ಯಾರಕ್‌ಗಳಲ್ಲಿ ಅದೇ ಜ್ವರ ಮತ್ತೆ ಬಂತು. ಗಟ್ಟಿಮುಟ್ಟಾದ ಹುಡುಗರು ಮಲಗಿದರು, ಕೆಲವರು ಸತ್ತರು. 2011ರಲ್ಲಿ ಲಸಿಕೆ ಮತ್ತೆ ಬಂದ ಮೇಲೆ ಜ್ವರ ಪುನಃ ಇಳಿಯಿತು. ಕೊಟ್ಟಾಗ ಇಲ್ಲ, ನಿಲ್ಲಿಸಿದಾಗ ಬಂತು, ಮತ್ತೆ ಕೊಟ್ಟಾಗ ಹೋಯಿತು. ಇದಕ್ಕಿಂತ ಜಾಸ್ತಿ ಸಾಕ್ಷಿ ನನಗಂತೂ ಬೇಡ.

ಇಷ್ಟಕ್ಕೇ ನಿಲ್ಲಿಸಿದರೆ ನಿನಗೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತೆ. ಲಸಿಕೆಯಿಂದ ಸೈನಿಕರಿಗೆ ಕೆಟ್ಟದ್ದಾಗಿದ್ದೂ ಉಂಟು. 1942ರಲ್ಲಿ ಅಮೆರಿಕದ ಸೇನೆಯಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡವರಲ್ಲಿ ಸುಮಾರು 50,000 ಜನಕ್ಕೆ ಕಾಮಾಲೆ ಬಂತು. ಲಸಿಕೆ ಕೆಡದಿರಲಿ ಅಂತ ಅದಕ್ಕೆ ಮನುಷ್ಯರ ರಕ್ತದ ಸೀರಮ್ ಬೆರೆಸುತ್ತಿದ್ದರು. ಆ ರಕ್ತ ಕೊಟ್ಟವರಲ್ಲಿ ಕೆಲವರಿಗೆ ಹೆಪಟೈಟಿಸ್ ಬಿ ಇತ್ತು. ತಪ್ಪು ಹಿಡಿದರು, ಸೀರಮ್ ಬೆರೆಸೋದನ್ನು ಬಿಟ್ಟರು. ಹಾಗೆ ಸರಿ ಮಾಡಿದ ಲಸಿಕೆಯನ್ನು ಹಾಕಿಸಿಕೊಂಡೇ ನಮ್ಮ ಜವಾನರು ಕಾಂಗೋದ ಶಾಂತಿಪಡೆಗೆ ಹೋಗೋದು. ಹೊರಡುವ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು. ಅದನ್ನು ಹಾಕಿಸಲು ನಾನೇ ಎಷ್ಟೋ ಜನರನ್ನು ಕರೆದುಕೊಂಡು ಹೋಗಿದ್ದೇನೆ.

ನೀನು ಕೇಳಿದ ಹಾರ್ಟಿನ ವಿಷಯವೂ ಪೂರಾ ಸುಳ್ಳಲ್ಲ. ಎಂಆರ್‌ಎನ್‌ಎ ಅನ್ನೋ ಬಗೆಯ ಕೊರೋನಾ ಲಸಿಕೆ ಆದಮೇಲೆ ಹೃದಯದ ಸ್ನಾಯು ಊದಿಕೊಂಡ 23 ಜನರ ವಿವರವನ್ನು 2021ರಲ್ಲಿ ಅಮೆರಿಕದ ಸೇನಾ ವೈದ್ಯರೇ ಪ್ರಕಟಿಸಿದರು. ಎಲ್ಲರೂ ಗಂಡಸರು, ಹೆಚ್ಚಿನವರು ನಿನ್ನ ಹಾಗೆ ಪ್ರಾಯದವರು, ಲಸಿಕೆಯಾದ ನಾಲ್ಕು ದಿನದೊಳಗೆ ಎದೆನೋವು ಅಂತ ಬಂದವರು. ಅಷ್ಟರಲ್ಲಿ ಅಲ್ಲಿನ ಸೇನೆ ಹಾಕಿದ್ದು 28 ಲಕ್ಷಕ್ಕೂ ಹೆಚ್ಚು ಡೋಸ್. ನಮ್ಮ ಸೇನೆಯಲ್ಲಿ ಹಾಕಿದ ಕೋವಿಶೀಲ್ಡ್ ಬೇರೆ ಬಗೆಯದು. ನಾನು ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಆ 23 ಜನ ಎದೆನೋವನ್ನು ಮುಚ್ಚಿಟ್ಟುಕೊಂಡು ಓಡಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡು. ಅವರು ಬಾಯಿಬಿಟ್ಟು ಹೇಳಿದರು. ಅದಕ್ಕೇ ವೈದ್ಯರಿಗೆ ಗೊತ್ತಾಯಿತು, ಲೋಕಕ್ಕೂ ಗೊತ್ತಾಯಿತು.

ನನ್ನ ತಪ್ಪೊಂದನ್ನೂ ಹೇಳಬೇಕು. ನಿಮ್ಮಪ್ಪನಿಗೂ ಹೇಳಿಲ್ಲ. ನಮ್ಮ ಕಾಲದಲ್ಲಿ ಟೈಫಾಯ್ಡಿಗೆ ಟಿಎಬಿ ಅಂತ ಇಂಜೆಕ್ಷನ್ ಇತ್ತು. ತೋಳು ಊದುತ್ತಿತ್ತು, ರಾತ್ರಿ ಜ್ವರ ಬರುತ್ತಿತ್ತು. ಒಂದು ದಿನ ಎಂಐ ರೂಮಿನ, ಅಂದರೆ ಯೂನಿಟ್ಟಿನ ಚಿಕಿತ್ಸಾ ಕೋಣೆಯ ಮುಂದೆ ಉದ್ದ ಸಾಲು. ಹೊತ್ತಾಗಿತ್ತು, ಬೇಗ ಬೇಗ ಅಂತ ಮೇಲಿನವರ ಒತ್ತಾಯ. ತಿಂಡಿ ತಿಂದಿದ್ದೀಯಾ ಅಂತ ಕೇಳೋದನ್ನು ಬಿಟ್ಟೆ. ಚುಚ್ಚಿದ ಮೇಲೆ ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂರಿಸೋದನ್ನೂ ಬಿಟ್ಟೆ. ಒಬ್ಬ ಹುಡುಗ, ಹೊಸದಾಗಿ ತಲೆ ಬೋಳಿಸಿದ್ದರು, ಕಿವಿ ದೊಡ್ಡದಾಗಿ ಕಾಣ್ತಿತ್ತು. ಶರ್ಟಿನ ತೋಳು ಇಳಿಸುತ್ತಾ ನಾಲ್ಕು ಹೆಜ್ಜೆ ನಡೆದ. ಮುಖ ಬಿಳಚಿಕೊಂಡಿತು. ಕೈ ಊರಲೂ ಇಲ್ಲ, ನೇರ ಮೆಟ್ಟಿಲಿನ ಅಂಚಿಗೆ ಗದ್ದ ಬಡಿಯಿತು. ಎರಡು ಹಲ್ಲು ನನ್ನ ಅಂಗೈಗೆ ಬಂದವು. ಔಷಧಿಯದ್ದೇನೂ ತಪ್ಪಿರಲಿಲ್ಲ. ಹಸಿವು, ಹೆದರಿಕೆ, ಮತ್ತು ನನ್ನ ಅವಸರ. ಆಮೇಲೆ ಆ ಹುಡುಗನ ತುಕಡಿಯಲ್ಲಿ ಅರ್ಧ ಜನ ಸೂಜಿ ಅಂದರೆ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ.

ಹುಕುಂ ಒಂದೇ ಸಾಲದು ಅಂತ ಅವತ್ತೇ ನನಗೆ ಗಟ್ಟಿಯಾಯಿತು. ನಮ್ಮ ಮೈಸೂರು ಅರಮನೆಯವರು ಇದನ್ನು ಎಷ್ಟೋ ಹಿಂದೆಯೇ ತಿಳಿದಿದ್ದರು. ಸಿಡುಬಿಗೆ ದಾಕು, ಅಂದರೆ ಲಸಿಕೆ ಹಾಕುವುದು ಹೊಸದಾಗಿ ಬಂದಿದ್ದ ಕಾಲ. 1805ರ ಸುಮಾರಿಗೆ ಥಾಮಸ್ ಹಿಕಿ ಅನ್ನೋ ಚಿತ್ರಗಾರ ಮೈಸೂರಿನ ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ, ದಾಕು ಹಾಕಿಸಿಕೊಂಡ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾರೆ ಅಂತ ಇತಿಹಾಸ ಬಲ್ಲವರು ಹೇಳ್ತಾರೆ. ಅಂಥ ಕಾಲದಲ್ಲಿ ರಾಣಿ ತೋಳು ತೋರಿಸೋದು ಅಂದರೆ ಸುಮ್ನೆ ಮಾತಲ್ಲ. ನಮ್ಮ ಯೂನಿಟ್ಟಿನ ಮುಖ್ಯಸ್ಥರು, ಒಬ್ಬ ಸಿಒ ಸಾಹೇಬರೂ ಹಾಗೇ ಇದ್ದರು. ಸಾಲಿನ ಮುಂದೆ ಬಂದು ಮೊದಲು ತಾವೇ ಹಾಕಿಸಿಕೊಂಡು, ಜವಾನರ ಜೊತೆ ಮರದ ಕೆಳಗೆ ಕೂರುತ್ತಿದ್ದರು. ಅವತ್ತು ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ.

ಬರೀ ಹುಕುಂನಿಂದ ಏನಾಗುತ್ತೆ ಅಂತಲೂ ನೋಡಿದ್ದೇವೆ. ಅಮೆರಿಕದಲ್ಲಿ 2021ರ ಆಗಸ್ಟ್‌ನಲ್ಲಿ ಕೊರೋನಾ ಲಸಿಕೆಯನ್ನು ಸೈನಿಕರಿಗೆ ಕಡ್ಡಾಯ ಮಾಡಿದರು. ಒಪ್ಪದ 8,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದರು. 2023ರ ಜನವರಿಯಲ್ಲಿ ಕಡ್ಡಾಯವನ್ನೇ ರದ್ದು ಮಾಡಿದರು. ಆ ಲಸಿಕೆ ಸಾವನ್ನು ತಗ್ಗಿಸಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಕಿಸಿಕೊಂಡವರಿಂದಲೂ ಸೋಂಕು ಹರಡುತ್ತಿತ್ತು. ತರಬೇತಿ ಆದ ಅಷ್ಟೊಂದು ಜನರನ್ನು ಕಳೆದುಕೊಂಡಿದ್ದೂ ಸೇನೆಯ ಬಲಕ್ಕೆ ನಷ್ಟವೇ ಅಲ್ವಾ? ಇನ್ನಷ್ಟು ಕೂತು ಮಾತಾಡಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ. ನಮ್ಮಲ್ಲೂ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ ಅಂತ ಹೇಳಿತು. ಆದರೆ ಜನರ ಆರೋಗ್ಯಕ್ಕಾಗಿ ನ್ಯಾಯವಾದ ನಿರ್ಬಂಧ ಹಾಕಬಹುದು ಅಂತಲೂ ಹೇಳಿತು. ಅದು ನಾಗರಿಕರ ಮಾತು. ಸೈನಿಕನ ಹಕ್ಕುಗಳನ್ನು ಕಾಯಿದೆಯಿಂದ ಕಡಿಮೆ ಮಾಡಲು ಸಂವಿಧಾನದ 33ನೇ ವಿಧಿಯಲ್ಲೇ ಅವಕಾಶ ಇದೆ. ಸಹಿ ಹಾಕುವ ಮುಂಚೆ ಇದು ನಿನಗೆ ತಿಳಿದಿರಲಿ. ಮನಸ್ಸು ಒಪ್ಪದಿದ್ದರೆ ಈಗಲೇ ಹೇಳು, ಯಾರೂ ಬೈಯಲ್ಲ. ಒಪ್ಪಿ ಹೋದಮೇಲೆ ತೋಳು ಕೊಡು.

ತೋಳು ಕೊಡು, ಆದರೆ ಬಾಯಿ ಮುಚ್ಚಿಕೊಂಡು ಇರಬೇಡ. ಐದನೇ ಕ್ಲಾಸಲ್ಲಿ ಗಂಟಲುನೋವಿನ ಮಾತ್ರೆ ನುಂಗಿ ನಿನ್ನ ತುಟಿ, ಕಣ್ಣು ಊದಿಕೊಂಡಿತ್ತು. ಅದು ನಿಜವಾದ ಅಲರ್ಜಿ. ಮಾತ್ರೆ ಹೆಸರು ನಿಮ್ಮಮ್ಮ ಚೀಟಿಯಲ್ಲಿ ಬರೆದಿಟ್ಟಿದ್ದಾಳೆ. ಅದನ್ನು ಎಂಐ ರೂಮಿನಲ್ಲಿ ಮೊದಲೇ ಹೇಳು, ಬರೆಸು. ಯಾವ ಲಸಿಕೆ, ಯಾವ ಕಾಯಿಲೆಗೆ ಅಂತ ಕೇಳು. ಮರ್ಯಾದೆಯಿಂದ ಕೇಳಿದರೆ ಯಾರೂ ಹೊಡೆಯಲ್ಲ. ಹೊಟ್ಟೆ ತುಂಬ ತಿಂಡಿ ತಿಂದು ಹೋಗು. ಆಮೇಲೆ ಯಾರೂ ಹೇಳದಿದ್ದರೂ ಅರ್ಧ ಗಂಟೆ ಕೂತಿರು. ತೋಳು ನೋಯುತ್ತೆ, ಒಂದು ರಾತ್ರಿ ಮೈ ಕಾಯಬಹುದು, ಅದಕ್ಕೆ ಹೆದರಬೇಡ. ಎದೆ ನೋವು, ಉಸಿರು ಕಟ್ಟೋದು, ಮೈಯೆಲ್ಲ ದದ್ದು ಏಳೋದು, ಇವುಗಳಲ್ಲಿ ಯಾವುದಾದರೂ ಆದರೆ ಆ ಕ್ಷಣವೇ ಸಿಕ್ ರಿಪೋರ್ಟ್ ಮಾಡು. ತರಬೇತಿ ಕೊಡುವ ಉಸ್ತಾದ್ ಏನಂದುಕೊಳ್ತಾರೋ, ಜೊತೆಯವರು ಹೆಣ್ಣಪ್ಪ ಅಂತಾರೋ ಅಂತ ಜ್ವರ ಮುಚ್ಚಿಟ್ಟುಕೊಂಡು ಓಟಕ್ಕೆ ಹೋಗಬೇಡ. ನನ್ನ ಸರ್ವಿಸ್ಸಿನಲ್ಲಿ ಸೂಜಿಯಿಂದ ಕೆಟ್ಟವರಿಗಿಂತ ಹೀಗೆ ಮುಚ್ಚಿಟ್ಟು ಕೆಟ್ಟವರೇ ಜಾಸ್ತಿ.

ನಿನ್ನ ಲಸಿಕೆಗಳನ್ನು ಬರೆದಿರುವ ‘ತಾಯಿ ಕಾರ್ಡ್’ ಸಿಕ್ಕಿತು. ನಿಮ್ಮಮ್ಮ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗೆ ಇಟ್ಟಿದ್ದಳು. ಹುಟ್ಟಿದಾಗಿನ ಬಿಸಿಜಿ, ಪೋಲಿಯೋ, ದಡಾರ ಎಲ್ಲ ಬರೆದಿದೆ. ಒಂದು ಮೂಲೆ ಇಲಿ ತಿಂದಿದೆ, ತಾರೀಖು ಓದಬಹುದು. ಅದರ ಎರಡು ಜೆರಾಕ್ಸ್ ಮಾಡಿಸಿ, ಮಾತ್ರೆ ಚೀಟಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಿಮ್ಮಪ್ಪನ ಕೈಲಿ ಕೊಟ್ಟಿದ್ದೇನೆ. ಜೊತೆಗೆ ನಿನ್ನ ದೊಡ್ಡಮ್ಮ ಹುರಿಹಿಟ್ಟು, ಎರಡು ಅಚ್ಚು ಬೆಲ್ಲ ಕಟ್ಟಿದ್ದಾಳೆ.

ಮೊದಲ ಇಂಜೆಕ್ಷನ್ ಆದ ದಿನ ಫೋನ್ ಕೈಗೆ ಸಿಕ್ಕರೆ ನನಗೆ ಮಾಡು. ಸಿಗದಿದ್ದರೆ ಆ ವಾರದ ಭಾನುವಾರ ಮಾಡು, ನಾನು ಎಲ್ಲೂ ಹೋಗದೆ ಮನೇಲೇ ಇರ್ತೀನಿ.

ನಿನ್ನ ಪ್ರೀತಿಯ
ದೊಡ್ಡಪ್ಪ