ಲಿಫ್ಟ್ ಚಾಲೂ ಮಾಡಿಸಿ: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಮ್ಮೂರ ರೈಲ್ವೆ ಸ್ಟೇಷನ್ನಿನ ಲಿಫ್ಟ್ ಬಗ್ಗೆ ನಿಮ್ಮ ಕಚೇರಿಗೆ 4 ಅರ್ಜಿ ಕೊಟ್ಟಿದ್ದೇನೆ. ನಾಲ್ಕಕ್ಕೂ ಸೀಲು ಬಿದ್ದಿದೆ. ಸೀಲು ಚೆನ್ನಾಗಿದೆ. ಲಿಫ್ಟ್ ಮಾತ್ರ 3 ವರ್ಷದಿಂದ ಕೆಟ್ಟು ನಿಂತಿದೆ. ಬಾಗಿಲಿಗೆ ಕಟ್ಟಿದ ಟೇಪೇ ಬಿಸಿಲಿಗೆ ಬಣ್ಣ ಬಿಟ್ಟಿದೆ.

ಹೋದ ವಾರ ರಾತ್ರಿ ರೈಲಿನಿಂದ ಅಮ್ಮನನ್ನು ಇಳಿಸಿಕೊಂಡೆ. ಅವರಿಗೆ ಮಂಡಿ ಆಪರೇಷನ್ ಆಗಿ 2 ತಿಂಗಳು. ಜೊತೆಗೆ ಒಂದು ಸೂಟ್‌ಕೇಸು, ಊರಿಂದ ತಂದ 25 ಕೆ.ಜಿ. ಅಕ್ಕಿ ಮೂಟೆ. ಕೆಂಪು ಅಂಗಿ, ತೋಳಿಗೆ ಬಿಲ್ಲೆ ಕಟ್ಟಿದ ಅಜ್ಜರೊಬ್ಬರು ಬಂದರು. 70 ದಾಟಿರಬೇಕು. 150 ಕೊಡಿ ಅಂದರು. ನಾನು 100 ಅಂದೆ. ಅಭ್ಯಾಸಬಲ ನೋಡಿ. ಒಪ್ಪಿಕೊಂಡರು.

ಟವೆಲ್ ಸುತ್ತಿ ಸಿಂಬಿ ಮಾಡಿ ಮೂಟೆ ತಲೆಗೇರಿಸಿದರು. ಕೈಯಲ್ಲಿ ಸೂಟ್‌ಕೇಸು. ಮೇಲ್ಸೇತುವೆಗೆ 46 ಮೆಟ್ಟಿಲು. ಅಮ್ಮ ಒಂದೊಂದಕ್ಕೂ ನಿಲ್ಲುತ್ತಿದ್ದರು, ಹಾಗಾಗಿ ಎಣಿಸಿದೆ. ಅರ್ಧಕ್ಕೆ ಬರುವಾಗ ಅಜ್ಜ ಸೂಟ್‌ಕೇಸು ಕೆಳಗಿಟ್ಟು ಕಂಬಿ ಹಿಡಿದರು. ಕಾಲು ನಡುಗುತ್ತಿತ್ತು. ಸೂಟ್‌ಕೇಸಿಗೆ ನಾನು ಕೈ ಹಾಕಿದೆ.

"ಬಿಡಿ ಸಾರ್, ಅದನ್ನೂ ನೀವೇ ಹೊತ್ರೆ ನನಗ್ಯಾಕೆ ದುಡ್ಡು?"

ಅಮ್ಮ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಕೊನೆಗೆ ನಾನು 200 ಕೊಟ್ಟೆ. ಆದರೂ ಆ ನೋಟ ಹೋಗಲಿಲ್ಲ.

2008ರಲ್ಲಿ ಕೂಲಿಗಳಿಗೆ ಗ್ಯಾಂಗ್‌ಮನ್ ಕೆಲಸ, ಅಂದರೆ ಹಳಿ ನೋಡಿಕೊಳ್ಳುವ ಕೆಲಸ, ಕೊಟ್ಟಾಗ ಈ ಅಜ್ಜನಿಗೆ ವಯಸ್ಸು ದಾಟಿತ್ತಂತೆ. 2016ರ ರೈಲ್ವೆ ಬಜೆಟ್ಟಿನಲ್ಲಿ 'ಕೂಲಿ' ಹೋಗಿ 'ಸಹಾಯಕ್' ಅಂತಾಯಿತು. ಹೆಸರು ಬದಲಾಯಿತು, ಮೆಟ್ಟಿಲು ಹಾಗೇ ಇದೆ. ವೃದ್ಧಾಪ್ಯ ಪಿಂಚಣಿಯಲ್ಲಿ ನಿಮ್ಮ ಕೇಂದ್ರದ ಪಾಲು 80 ತುಂಬುವವರೆಗೆ ತಿಂಗಳಿಗೆ 200 ರೂಪಾಯಿ. ಚೌಕಾಸಿಯಲ್ಲಿ ನೀವು ನನಗಿಂತ ಮುಂದಿದ್ದೀರಿ ಬಿಡಿ.

ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಟೇಷನ್‌ಗಳ ಬಗ್ಗೆ ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಅದು ಪಾಸಾಗಿದ್ದೇ ನಿಮ್ಮ ಸಂಸತ್ತಿನಲ್ಲಿ. ಲಿಫ್ಟ್ ಚಾಲೂ ಮಾಡಿಸಿ ಸಾರ್, ಅಷ್ಟೇ.

ಲಿಫ್ಟ್ ಬಂದರೆ ಕೂಲಿಗಳ ಹೊಟ್ಟೆಪಾಡು ಏನು ಅಂತ ನಿಮ್ಮ ಕಚೇರಿಯವರೊಬ್ಬರು ನನಗೇ ಕೇಳಿದ್ದರು. ಅಂದು ಅಜ್ಜನನ್ನೇ ಕೇಳಿದೆ. "ನಾನೂ ಅದ್ರಲ್ಲೇ ಬರ್ತೀನಲ್ಲ ಸಾರ್!" ಅಂತ ನಕ್ಕರು.

ಮುಂದಿನ ತಿಂಗಳು ಅಮ್ಮನ ಚೆಕಪ್ ಇದೆ. ಅಷ್ಟರೊಳಗೆ ಲಿಫ್ಟ್ ಚಾಲೂ ಮಾಡಿಸಿ. 5ನೇ ಅರ್ಜಿ ಇದರ ಜೊತೆಗಿದೆ. ಸೀಲು ಬೇಡ, ಲಿಫ್ಟ್ ಚಾಲೂ ಮಾಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ